ಇಪ್ಪತ್ತೈದು ನಿಮಿಷ ಮತ್ತು ಒಂದು ಕಟ್ಟಿದ ಕಿವಿ: ಅಂಡಮಾನ್ ಪ್ರವಾಸವೊಂದರ ಪ್ರಕರಣ ಅಧ್ಯಯನ

ಜಯನಗರದ ಒಂದು ಸಣ್ಣ ಕೋಣೆಯಲ್ಲಿ ಕುಳಿತು ಬೇರೆಯವರ ಪ್ರವಾಸ ಹೊಂದಿಸಿಕೊಡುವುದು ನನ್ನ ಕೆಲಸ. ಹೋಗಿ ಬಂದವರು ಫೋಟೋ ಕಳುಹಿಸುತ್ತಾರೆ, ನಾನು ನೋಡಿ ಸಂತೋಷಪಡುತ್ತೇನೆ, ಅಲ್ಲಿಗೆ ಮುಗಿಯಿತು. ಈ ಪ್ರವಾಸ ಹಾಗೆ ಮುಗಿಯಲಿಲ್ಲ. ನಡೆದ ಎಡವಟ್ಟಿನಲ್ಲಿ ದೊಡ್ಡ ಪಾಲು ನನ್ನದೇ ಇದ್ದುದರಿಂದ ಬರೆದಿಡಬೇಕೆನಿಸಿತು. ಕುಟುಂಬದವರು ಒಪ್ಪಿದ್ದಾರೆ. ಹೆಸರು, ಬಡಾವಣೆ, ಪ್ರವಾಸದ ವರ್ಷ, ತಂಗಿದ ಹೋಟೆಲ್, ಡೈವಿಂಗ್ ಕೇಂದ್ರ ಯಾವುದೂ ಇಲ್ಲಿಲ್ಲ. ನಾಲ್ವರನ್ನು ಅಕ್ಕ, ತಮ್ಮ, ತಮ್ಮನ ಹೆಂಡತಿ, ಅಕ್ಕನ ಮಗಳು ಎಂದೇ ಕರೆಯುತ್ತೇನೆ.

ಹೋದವರು ಮತ್ತು ಹಾಕಿದ ಲೆಕ್ಕ

ಅಕ್ಕನಿಗೆ ನಲವತ್ತೇಳು, ನೀರೆಂದರೆ ಭಯ. ತಮ್ಮನಿಗೆ ಮೂವತ್ತನಾಲ್ಕು, ಭಯ ಎಂಬುದನ್ನು ಒಪ್ಪಿಕೊಳ್ಳದ ಜಾತಿ. ಅವನ ಹೆಂಡತಿ ಮದುವೆಗೆ ಮೊದಲೇ ಡೈವಿಂಗ್‌ನ ಓಪನ್ ವಾಟರ್ ತರಬೇತಿ ಮುಗಿಸಿದ್ದವಳು, ಅಂದರೆ 18 ಮೀಟರ್ ಆಳದವರೆಗೆ ಇಳಿಯುವ ಅರ್ಹತೆ ಇದ್ದವಳು. ಅಕ್ಕನ ಮಗಳು ಪಿಯುಸಿ ಓದುವ ಹುಡುಗಿ. ಬಡಾವಣೆಯ ಈಜುಕೊಳದಲ್ಲಿ ಎದೆಮಟ್ಟದ ನೀರು ದಾಟಿದವಳಲ್ಲ.

ಆರು ರಾತ್ರಿ, ಏಳು ದಿನ. ಶನಿವಾರ ಬೆಂಗಳೂರಿನಿಂದ ನೇರ ವಿಮಾನದಲ್ಲಿ ಪೋರ್ಟ್ ಬ್ಲೇರ್. ಭಾನುವಾರ ಸ್ವರಾಜ್ ದ್ವೀಪ, ಅಲ್ಲಿ ಮೂರು ರಾತ್ರಿ; ಸೋಮವಾರ ಬೆಳಿಗ್ಗೆ ಡೈವಿಂಗ್. ಬುಧವಾರ ಶಹೀದ್ ದ್ವೀಪ. ಗುರುವಾರ ಮಧ್ಯಾಹ್ನ ಹಡಗಿನಲ್ಲಿ ವಾಪಸ್ ಪೋರ್ಟ್ ಬ್ಲೇರ್, ಶುಕ್ರವಾರ ಬೆಳಿಗ್ಗೆ 7.15ಕ್ಕೆ ಮನೆಯ ಕಡೆಗೆ ವಿಮಾನ. (ಸ್ವರಾಜ್ ದ್ವೀಪಕ್ಕಿದ್ದ ಹ್ಯಾವ್‌ಲಾಕ್, ಶಹೀದ್ ದ್ವೀಪಕ್ಕಿದ್ದ ನೀಲ್ ಎಂಬ ಹೆಸರುಗಳು 2018ರಲ್ಲಿ ಬದಲಾದವು, ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು. ಟಿಕೆಟ್ ಕೇಳಿಕೊಂಡು ಬರುವವರ ಬಾಯಲ್ಲಿ ಮಾತ್ರ ಇನ್ನೂ ಹಳೆಯ ಹೆಸರುಗಳೇ.)

ಡೈವಿಂಗನ್ನು ಸೋಮವಾರಕ್ಕೆ ಇಟ್ಟಿದ್ದು ಬೇಕೆಂದೇ. ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿದವರು ಕೂಡಲೇ ವಿಮಾನ ಹತ್ತಬಾರದು. ಆಳದಲ್ಲಿ ಒತ್ತಡದ ಗಾಳಿ ಉಸಿರಾಡುವಾಗ ಹೆಚ್ಚುವರಿ ಸಾರಜನಕ ರಕ್ತದಲ್ಲಿ, ಅಂಗಾಂಶಗಳಲ್ಲಿ ಕರಗಿ ಕೂರುತ್ತದೆ. ಮೇಲೆ ಬಂದ ಮೇಲೆ ಅದು ಉಸಿರಿನ ಮೂಲಕ ನಿಧಾನವಾಗಿ ಹೊರಹೋಗಬೇಕು. ಅಷ್ಟರೊಳಗೆ ವಿಮಾನ ಹತ್ತಿದರೆ ಒಳಗಿನ ಒತ್ತಡ ಇನ್ನೂ ಇಳಿದು, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಅನಿಲ ಗುಳ್ಳೆಯಾಗುತ್ತದೆ. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನೂ ಆಗಬಹುದು. ಡೈವಿಂಗ್ ಲೋಕ ಸಾಮಾನ್ಯವಾಗಿ ಪಾಲಿಸುವ ಸೂಚನೆ ಹೀಗಿದೆ: ಒಂದೇ ಒಂದು ಸಾಧಾರಣ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ಸೋಮವಾರದಿಂದ ಶುಕ್ರವಾರಕ್ಕೆ ದಂಡಿಯಾಗಿ ಸಮಯವಿತ್ತು. ಕಾಗದದ ಮೇಲೆ ಲೆಕ್ಕ ಚೆನ್ನಾಗಿಯೇ ಇತ್ತು.

ಮೊದಲ ಸೂಚನೆ, ಯಾರೂ ಓದಲಿಲ್ಲ

ತಮ್ಮ ಹೊರಡುವಾಗಲೇ ನೆಗಡಿಯಲ್ಲಿದ್ದ. ಡಿಸೆಂಬರ್ ಮೊದಲ ವಾರದ ಬೆಂಗಳೂರು. ಮನೆಯಲ್ಲಿ ನಾಲ್ವರಿದ್ದರೆ ಒಬ್ಬರಿಗೆ ನೆಗಡಿ ಇದ್ದೇ ಇರುತ್ತದೆ. ವಿಮಾನ ಪೋರ್ಟ್ ಬ್ಲೇರ್‌ನಲ್ಲಿ ಇಳಿಯುವಾಗ ಅವನ ಎಡಗಿವಿ ಕಟ್ಟಿತು. ಮಧ್ಯಾಹ್ನ ಸೆಲ್ಯುಲಾರ್ ಜೈಲು ನೋಡುವಾಗಲೂ ಬಿಟ್ಟಿರಲಿಲ್ಲ. ಏಳು ಕವಲುಗಳಲ್ಲಿ ಈಗ ಉಳಿದಿರುವುದು ಮೂರೇ ಎಂದು ಗೈಡ್ ಹೇಳಿದ್ದು ಅವನಿಗೆ ಮಡಕೆಯೊಳಗಿನಿಂದ ಮಾತಾಡಿದ ಹಾಗೆ ಕೇಳಿಸಿತಂತೆ. "ಮಾವನಿಗೆ ಕಿವುಡು ಬಂತು" ಎಂದು ಹುಡುಗಿ ತಮಾಷೆ ಮಾಡಿದಳು. ಎಲ್ಲರೂ ನಕ್ಕರು. ನನಗೆ ಈ ಸಂಗತಿ ತಿಳಿದದ್ದು ಎಲ್ಲ ಮುಗಿದ ಮೇಲೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇಡೀ ಪ್ರಕರಣದ ಬೀಗದ ಕೈ ಇಲ್ಲೇ ಇತ್ತು. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟೇ ಇರುತ್ತದೆ. ಅಲ್ಲಿಂದ ಕಡಲಮಟ್ಟಕ್ಕೆ ಇಳಿದಾಗ ಕಿವಿಯ ತಮಟೆಯ ಮೇಲೆ ಹೆಚ್ಚುವ ಒತ್ತಡ ಒಂದು ವಾತಾವರಣದ ನಾಲ್ಕನೇ ಒಂದು ಪಾಲಿನ ಆಸುಪಾಸು. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಸಣ್ಣ ನಾಳ ತೆರೆದುಕೊಂಡು ಒಳಗೂ ಗಾಳಿ ತುಂಬಿದರೆ ಸಮ ಆಗುತ್ತದೆ. ನೆಗಡಿಯಲ್ಲಿ ಆ ನಾಳ ಊದಿ ಮುಚ್ಚಿಕೊಂಡಿರುತ್ತದೆ. ಇದೇ ಕಾಲು ವಾತಾವರಣದ ಒತ್ತಡ ಸಮುದ್ರದಲ್ಲಿ ಎಷ್ಟು ಆಳಕ್ಕೆ ಸಿಗುತ್ತದೆ? ಎರಡೂವರೆ ಮೀಟರಿಗೆ. ಅಂದರೆ ವಿಮಾನ ಇಳಿಯುವಾಗ ಕಿವಿ ಬಿಡದವನಿಗೆ ಒಂದು ಮನೆಯ ಮಹಡಿಯಷ್ಟು ಆಳವೂ ಹೆಚ್ಚೇ.

"ಬರೀ ಆರೇಳು ಮೀಟರ್ ತಾನೆ, ಕಲಿಯದವರಿಗೂ ಮಾಡಿಸುತ್ತಾರೆ" ಎಂದು ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಮಾತು ಸುಳ್ಳಲ್ಲ, ಆದರೆ ಕಿವಿಯ ಮಟ್ಟಿಗೆ ದಾರಿ ತಪ್ಪಿಸುವಂಥದ್ದು. ಹತ್ತು ಮೀಟರಿಗೆ ಒತ್ತಡ ದುಪ್ಪಟ್ಟಾಗುತ್ತದೆ. ಗಾಳಿಯ ಗಾತ್ರ ಅರ್ಧಕ್ಕೆ ಕುಗ್ಗುವುದು ಆ ಮೊದಲ ಹತ್ತು ಮೀಟರಿನಲ್ಲೇ. ಇಪ್ಪತ್ತರಿಂದ ಮೂವತ್ತಕ್ಕೆ ಇಳಿಯುವವನ ಕಿವಿಗಿಂತ ಸೊನ್ನೆಯಿಂದ ಐದಕ್ಕೆ ಇಳಿಯುವವನ ಕಿವಿಗೆ ಕೆಲಸ ಜಾಸ್ತಿ.

ಮುಚ್ಚಿದ ಸಮುದ್ರ

ಭಾನುವಾರ ಬೆಳಿಗ್ಗೆ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ. ಸ್ವರಾಜ್ ದ್ವೀಪಕ್ಕೆ ಹೋಗುವ ಹಡಗುಗಳೆಲ್ಲ ರದ್ದು. ಸೋಮವಾರವೂ ರದ್ದು. ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಇದು ಅಪರೂಪವೇನಲ್ಲ. ಗೊತ್ತಿದ್ದೂ ನಾನು ಒಂದು ದಿನವನ್ನೂ ಖಾಲಿ ಬಿಟ್ಟಿರಲಿಲ್ಲ. ಏಳು ದಿನಕ್ಕೆ ದುಡ್ಡು ಕೊಡುವವರಿಗೆ ಒಂದು ಖಾಲಿ ದಿನ ತೋರಿಸಿದರೆ "ಇದೇನು ಸರ್, ಇಲ್ಲಿ ಏನೂ ಇಲ್ಲವಲ್ಲ" ಎನ್ನುತ್ತಾರೆ. ಆ ಮಾತಿಗೆ ಹೆದರಿ ತುಂಬಿಸುತ್ತೇವೆ. ತಮ್ಮ ಎರಡು ದಿನ ಮಳೆಯಲ್ಲಿ ಜೆಟ್ಟಿಗೂ ಹೋಟೆಲಿಗೂ ಓಡಾಡಿದ. ನೆಗಡಿ ಎದೆಗಿಳಿಯಲಿಲ್ಲ, ಮೂಗು ಮಾತ್ರ ಪೂರ್ತಿ ಕಟ್ಟಿತು.

ಮಂಗಳವಾರ ಮಧ್ಯಾಹ್ನ ಹಡಗು ಬಿಟ್ಟಿತು. ಸ್ವರಾಜ್ ದ್ವೀಪ ಮುಟ್ಟಿ, ಕೋಣೆಗೆ ಚೀಲ ಎಸೆದು ರಾಧಾನಗರ ಕಡಲತೀರಕ್ಕೆ ಹೋಗುವಷ್ಟರಲ್ಲಿ ಕತ್ತಲು. ಅಲ್ಲಿ ಡಿಸೆಂಬರ್‌ನಲ್ಲಿ ಸಂಜೆ ಐದರ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. ಗಡಿಯಾರ ಬೆಂಗಳೂರಿನದೇ, ಆಕಾಶ ಬೇರೆಯದು. ಅಕ್ಕ ಫೋನ್ ಮಾಡಿ, "ನಾವು ಬಂದದ್ದು ಮರಳು ತುಳಿಯಲಿಕ್ಕಾ?" ಎಂದು ಕೇಳಿದರು. ಕೋಪವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಆ ರಾತ್ರಿ ನನ್ನ ಮುಂದೆ ಎರಡು ದಾರಿಗಳಿದ್ದವು. ಶಹೀದ್ ದ್ವೀಪವನ್ನು ಕೈಬಿಟ್ಟು ಬುಧವಾರ ಬೆಳಿಗ್ಗೆ ಸ್ವರಾಜ್ ದ್ವೀಪದಲ್ಲೇ ಡೈವ್ ಮಾಡಿಸುವುದು. ಕೇಂದ್ರದವರು ನೀರಿನ್ನೂ ಕದಡಿದೆ, ಅಷ್ಟಾಗಿ ಏನೂ ಕಾಣದು ಎಂದಿದ್ದರು. ಆದರೆ ವಿಮಾನಕ್ಕೆ ಒಂದೂಮುಕ್ಕಾಲು ದಿನ ಉಳಿಯುತ್ತಿತ್ತು. ಇನ್ನೊಂದು, ಬುಧವಾರ ಶಹೀದ್ ದ್ವೀಪಕ್ಕೆ ಹೋಗಿ, ಗುರುವಾರ ಬೆಳಿಗ್ಗೆ ಅಲ್ಲಿ ಡೈವ್ ಮಾಡಿ, ಮಧ್ಯಾಹ್ನ 3.30ರ ಹಡಗು ಹಿಡಿಯುವುದು. ನೀರು ತಿಳಿಯಾಗಿರುತ್ತದೆ, ಎರಡೂ ದ್ವೀಪ ನೋಡಿದಂತಾಗುತ್ತದೆ, ಹೋಟೆಲಿಗೆ ಕಟ್ಟಿದ ಮುಂಗಡವೂ ಉಳಿಯುತ್ತದೆ. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ನಾನು ಎರಡನೆಯದನ್ನು ಆರಿಸಿದೆ. ಬೆಳಿಗ್ಗೆ ಏಳಕ್ಕೆ ಇಳಿದರೆ ಹತ್ತೂವರೆಯೊಳಗೆ ಎರಡು ಡೈವ್ ಮುಗಿಯುತ್ತದೆ, ಆಗಲೂ 20 ಗಂಟೆ ಸಿಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಕಡಲಿನ ಇಳಿತವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬುಧವಾರ ಚೆನ್ನಾಗಿ ಕಳೆಯಿತು. ಶಹೀದ್ ದ್ವೀಪ ಚಿಕ್ಕದು, ತರಕಾರಿ ಬೆಳೆಯುವ ಊರು; ಅಕ್ಕ ಸಮುದ್ರಕ್ಕಿಂತ ಹೆಚ್ಚು ಹೊತ್ತು ಬದನೆ ಸಾಲುಗಳನ್ನು ನೋಡಿದರಂತೆ.

ಗುರುವಾರ

ಬೆಳಿಗ್ಗೆ ಐದೂವರೆಗೆ ಡೈವಿಂಗ್ ಕೇಂದ್ರದಲ್ಲಿ ಆರೋಗ್ಯದ ನಮೂನೆ ಕೊಟ್ಟರು. ಕಿವಿ, ಮೂಗು, ಸೈನಸ್ ತೊಂದರೆ ಉಂಟೇ ಎಂಬ ಪ್ರಶ್ನೆ ಅದರಲ್ಲಿತ್ತು. ಒಂದಕ್ಕೆ 'ಹೌದು' ಎಂದರೂ ವೈದ್ಯರ ಸಹಿ ಬೇಕಾಗುತ್ತಿತ್ತು. ಮೊಬೈಲ್ ಬೆಳಕಿನಲ್ಲಿ ತಮ್ಮ ಒಂದೇ ಉಸಿರಿಗೆ ಎಲ್ಲದಕ್ಕೂ 'ಇಲ್ಲ' ಎಂದು ಗುರುತು ಹಾಕಿ ಸಹಿ ಮಾಡಿದ. ಅದಕ್ಕೆ ಹತ್ತು ನಿಮಿಷ ಮೊದಲು ಹೋಟೆಲಿನ ಬಚ್ಚಲಲ್ಲಿ ಮೂಗಿಗೆ ಸ್ಪ್ರೇ ಹೊಡೆದುಕೊಂಡಿದ್ದ. ಹೆಂಡತಿಗೆ ಗೊತ್ತಿತ್ತು. "ಕೇಳಿದರೆ ಹೇಳು" ಎಂದಿದ್ದಳು. ಕೇಳಿದ್ದು ಕಾಗದ, ಮನುಷ್ಯರಲ್ಲ.

ಆದರೆ ದೋಣಿ ಹೊರಡಲೇ ಇಲ್ಲ. ನೀರು ಇಳಿತದಲ್ಲಿತ್ತು, ತೀರದ ಬಳಿಯ ಹವಳದ ದಿಬ್ಬ ದಾಟುವಷ್ಟು ನೀರೇರಲು ಕಾಯಬೇಕಿತ್ತು. ಕಾಯುತ್ತಾ ಹತ್ತೂವರೆಯಾಯಿತು. ಸ್ಪ್ರೇಯ ಕಾವೂ ಅಷ್ಟರಲ್ಲಿ ಇಳಿಯತೊಡಗಿತ್ತು. ಮೇಲಿರುವಾಗ ಕಾವು ಇಳಿದದ್ದು ಒಂದು ಲೆಕ್ಕದಲ್ಲಿ ಅದೃಷ್ಟ. ಆಳದಲ್ಲಿ ಇಳಿದಿದ್ದರೆ ಒಳಗೆ ಸೇರಿದ ಗಾಳಿ ಹೊರಬರಲಾಗದೆ, ಮೇಲೇರುವಾಗ ಕಿವಿ ಒಳಗಿನಿಂದ ಹಿಗ್ಗುತ್ತಿತ್ತು.

ಮೊದಲು ಅಕ್ಕನ ಮಗಳನ್ನು ಇಳಿಸಿದರು. ತರಬೇತುದಾರ ಒಂದು ಕೈಯಲ್ಲಿ ಅವಳ ಸಿಲಿಂಡರಿನ ಕುತ್ತಿಗೆ ಹಿಡಿದು, ಅರ್ಧರ್ಧ ಮೀಟರಿಗೆ ನಿಲ್ಲಿಸಿ ಕಿವಿ ಬಿಡಿಸಿಕೊಳ್ಳಲು ಹೇಳುತ್ತಾ ಹೋದರು. ಆರು ಮೀಟರಿನಲ್ಲಿ ಇಪ್ಪತ್ತು ನಿಮಿಷ ಇದ್ದು ಬಂದಳು. ಮೇಲೆ ಬಂದವಳು ಐದು ನಿಮಿಷ ಮಾತಾಡಲಿಲ್ಲ, ಆಮೇಲೆ ಊರು ಮುಟ್ಟುವವರೆಗೂ ಮಾತು ನಿಲ್ಲಿಸಲಿಲ್ಲ.

ಇನ್ನು ತಮ್ಮ. ನೀರಿನೊಳಗೆ ಹೆಬ್ಬೆರಳು ಮೇಲೆ ಮಾಡಿದರೆ 'ಚೆನ್ನಾಗಿದೆ' ಎಂದಲ್ಲ, 'ಮೇಲೆ ಹೋಗೋಣ' ಎಂದು. ಚೆನ್ನಾಗಿದ್ದರೆ ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಕಿವಿ ತೊಂದರೆ ಕೊಟ್ಟರೆ ಕಿವಿ ತೋರಿಸಿ ಅಂಗೈ ಅಲುಗಾಡಿಸಬೇಕು. ಎರಡು ಮೀಟರಿಗೆ ತಮ್ಮನ ಎಡಗಿವಿಯಲ್ಲಿ ಸೂಜಿ ಚುಚ್ಚಿದಂತಾಯಿತು. ತರಬೇತುದಾರ ಸೊನ್ನೆ ತೋರಿಸಿ ಕೇಳಿದರು, ಇವನೂ ಸೊನ್ನೆ ತೋರಿಸಿದ. ಮೂರು ಮೀಟರಿಗೆ ಮೂಗು ಹಿಡಿದು ಜೋರಾಗಿ ಊದಿದ, ಬಿಡಲಿಲ್ಲ. ಮತ್ತೆ ಕೇಳಿದರು, ಮತ್ತೆ ಸೊನ್ನೆ. ನಾಲ್ಕು ಮೀಟರಿನ ಹತ್ತಿರ ತರಬೇತುದಾರ ಅವನ ಬೆರಳು ನೋಡುವುದನ್ನು ಬಿಟ್ಟು ಮಾಸ್ಕಿನೊಳಗಿನ ಹುಬ್ಬು ನೋಡಿದರು. ಹುಬ್ಬುಗಳು ಗಂಟಿಕ್ಕಿ ಒಂದಾಗಿದ್ದವು, ಕೈ ಬಿಡದೆ ಮೂಗಿಗೆ ಹೋಗುತ್ತಿತ್ತು. ಅವರೇ ಹೆಬ್ಬೆರಳು ಮೇಲೆತ್ತಿ ಅವನನ್ನು ಕರೆತಂದರು. ದೋಣಿಯಲ್ಲಿ ಮಾಸ್ಕ್ ತೆಗೆದಾಗ ಅದರ ತಳದಲ್ಲಿ ಒಂದು ಚಮಚದಷ್ಟು ತಿಳಿಗೆಂಪು ನೀರು.

"ಹತ್ತು ನಿಮಿಷ ಬಿಟ್ಟು ಇನ್ನೊಂದು ಸಲ ನೋಡೋಣ" ಎಂದನಂತೆ. ತರಬೇತುದಾರ, "ಇವತ್ತಲ್ಲ, ಈ ವಾರವೂ ಅಲ್ಲ" ಎಂದು ಅವನ ಸಿಲಿಂಡರಿನ ಕೀಲಿ ತಿರುಗಿಸಿ ಮುಚ್ಚಿದರು. ಈ ಪ್ರಕರಣದಲ್ಲಿ ತಡವಿಲ್ಲದೆ, ತಡವರಿಸದೆ ನಿರ್ಧಾರ ತೆಗೆದುಕೊಂಡವರು ಅವರೊಬ್ಬರೇ.

ಇಪ್ಪತ್ತೈದು ನಿಮಿಷದ ಫೋನ್

ಹೆಂಡತಿಯ ಮೊದಲ ಡೈವ್ ಹನ್ನೆರಡು ಗಂಟೆಗೆ ಮುಗಿಯಿತು. 14 ಮೀಟರ್, ನಲವತ್ತು ನಿಮಿಷ. ಒಂದು ಗಂಟೆ ಮೇಲಿದ್ದು ಎರಡನೆಯದಕ್ಕೆ ಇಳಿದರೆ ಮುಗಿಯುವುದು 1.40ಕ್ಕೆ. ಅಲ್ಲಿಂದ ಮರುದಿನ 7.15ಕ್ಕೆ ಹದಿನೇಳು ಗಂಟೆ ಮೂವತ್ತೈದು ನಿಮಿಷ. ದೋಣಿಯಿಂದಲೇ ನನಗೆ ಫೋನ್ ಬಂತು.

"ಇಪ್ಪತ್ತೈದು ನಿಮಿಷಕ್ಕೆ ಏನಾಗುತ್ತದೆ ಸರ್? ಎರಡು ಡೈವ್‌ಗೆ ದುಡ್ಡು ಕಟ್ಟಿದ್ದೇನೆ. ಬಂದು ಆರು ದಿನವಾಯಿತು, ಸಮುದ್ರದ ಒಳಗಿದ್ದದ್ದು ನಲವತ್ತು ನಿಮಿಷ."

ಪ್ರಾಮಾಣಿಕವಾಗಿ ಹೇಳಿದರೆ, 18 ಗಂಟೆ ಎಂಬುದು ಆಚೆ ಪ್ರಪಾತ, ಈಚೆ ನೆಲ ಎಂಬಂಥ ಗೆರೆಯಲ್ಲ. ಹದಿನೇಳೂವರೆಗೆ ಹೋದವರಿಗೆಲ್ಲ ಏನೋ ಆಗುತ್ತದೆಂದಿಲ್ಲ, ಹತ್ತೊಂಬತ್ತಕ್ಕೆ ಹೋದವರಿಗೆ ಏನೂ ಆಗದೆಂಬ ಖಾತರಿಯೂ ಇಲ್ಲ. ಅಪಾಯ ಕಡಿಮೆಯಾಗುತ್ತಾ ಹೋಗುವ ಇಳಿಜಾರಿನಲ್ಲಿ ಎಲ್ಲೋ ಒಂದು ಕಡೆ ಗೂಟ ನೆಟ್ಟಿದ್ದಾರೆ, ಅಷ್ಟೆ. ಆದರೆ ಗೂಟವನ್ನು ನಾವೇ ಇಪ್ಪತ್ತೈದು ನಿಮಿಷ ಸರಿಸಿದರೆ, ದೋಣಿ ತಡವಾದಾಗ ಇನ್ನೂ ಹತ್ತು ನಿಮಿಷ ಸರಿಸುತ್ತೇವೆ. ಅವಳಿಗೆ ಇಷ್ಟನ್ನು ಹೇಳುವ ಪುರುಸೊತ್ತು ಇರಲಿಲ್ಲ. "ಒಂದೇ ಡೈವ್ ಆದರೆ 12 ಗಂಟೆ ಸಾಕು, ನಿಮಗೆ 19 ಇದೆ. ಎರಡು ಮಾಡಿದರೆ ನಿಮ್ಮ ಟಿಕೆಟ್ ಬದಲಾಯಿಸುತ್ತೇನೆ, ಮಧ್ಯಾಹ್ನದ ವಿಮಾನ ಹುಡುಕುತ್ತೇನೆ. ಎರಡರಲ್ಲಿ ಒಂದು ಹೇಳಿ" ಎಂದೆ. ಹುಡುಗಿಗೆ ಸೋಮವಾರ ಕಾಲೇಜಿನಲ್ಲಿ ಪರೀಕ್ಷೆ. ಎಲ್ಲರೂ ಒಟ್ಟಿಗೇ ಹೋಗಬೇಕು ಎಂಬ ಮಾತು ಮನೆಯಲ್ಲಿ ಆಗಿತ್ತು. ಸ್ವಲ್ಪ ಹೊತ್ತು ಗಾಳಿಯ ಸದ್ದು ಮಾತ್ರ ಕೇಳಿಸಿತು. "ಬಿಡಿ ಸರ್" ಎಂದು ಇಟ್ಟಳು.

ಆ ಹೊತ್ತಿಗೆ ನಾನು ಕೇಳಬೇಕಿದ್ದ ಒಂದು ಪ್ರಶ್ನೆ ಕೇಳಲಿಲ್ಲ: ಉಳಿದವರೆಲ್ಲ ಹೇಗಿದ್ದಾರೆ? ಅವಳೂ ಹೇಳಲಿಲ್ಲ. ನಾವಿಬ್ಬರೂ ಗಡಿಯಾರ ನೋಡುತ್ತಿದ್ದೆವು. ಅವಳಿಂದ ನಾಲ್ಕು ಅಡಿ ದೂರದಲ್ಲಿ ಗಂಡ ಟವೆಲ್ ಕಿವಿಗೊತ್ತಿ ಕುಳಿತಿದ್ದ.

ಇಳಿಯದವನು ಹಾರಲಿಲ್ಲ

ತೀರಕ್ಕೆ ಬಂದ ಮೇಲೆ ಅಕ್ಕನೇ ಪಟ್ಟು ಹಿಡಿದು ತಮ್ಮನನ್ನು ದ್ವೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು. "ನೀನು ಸುಮ್ಮನೆ ನಡಿ" ಎಂಬ ಒಂದೇ ಮಾತು. ವೈದ್ಯರು ನೋಡಿ, ತಮಟೆ ಹರಿದಿಲ್ಲ, ಆದರೆ ಕೆಂಪಗೆ ಊದಿದೆ, ಹಿಂದೆ ದ್ರವ ತುಂಬಿದೆ ಎಂದರು. ಮರುದಿನ ಬೆಳಿಗ್ಗೆ ವಿಮಾನವೆಂದಾಗ ತಲೆ ಅಡ್ಡ ಆಡಿಸಿದರು. ವಿಚಿತ್ರವೆಂದರೆ, ತಮಟೆಯಲ್ಲಿ ತೂತು ಬಿದ್ದಿದ್ದರೆ ಗಾಳಿ ಆ ಕಡೆ ಈ ಕಡೆ ಓಡಾಡಿಕೊಂಡು ಒತ್ತಡವಾದರೂ ಸಮವಾಗುತ್ತಿತ್ತು. ಹರಿಯದೆ, ನಾಳವೂ ಮುಚ್ಚಿಕೊಂಡು, ಒಳಗೆ ದ್ರವ ನಿಂತ ಕಿವಿಗೇ ವಿಮಾನ ಇಳಿಯುವಾಗ ಕಷ್ಟ. ಪೋರ್ಟ್ ಬ್ಲೇರ್‌ನ ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಿ, ಅವರು ಹೇಳಿದ ಮೇಲೆ ಹೋಗಿ ಎಂದು ಚೀಟಿ ಬರೆದುಕೊಟ್ಟರು.

ನನಗೆ ಇದೆಲ್ಲ ಗೊತ್ತಾದದ್ದು ಸಂಜೆ ಏಳಕ್ಕೆ. ಚೆನ್ನೈಗೆ ಹೋಗುವ ಪ್ರಯಾಣಿಕರ ಹಡಗೂ ನೆನಪಾಯಿತು. ಮೂರು ದಿನದ ದಾರಿ, ಹೊರಡುವ ದಿನವೂ ಹೊಂದಲಿಲ್ಲ. ಕೊನೆಗೆ ಅಕ್ಕ, ಮಗಳು ಶುಕ್ರವಾರ ಹೊರಟರು. ತಮ್ಮ ಉಳಿದ, ಅವನ ಜೊತೆ ಹೆಂಡತಿಯೂ ಉಳಿದಳು. ಯಾವ ವಿಮಾನಕ್ಕಾಗಿ ಎರಡನೇ ಡೈವ್ ಬಿಟ್ಟಳೋ ಆ ವಿಮಾನವನ್ನೇ ಅವಳು ಹತ್ತಲಿಲ್ಲ. ಆ ಮಧ್ಯಾಹ್ನ ಹನ್ನೆರಡಕ್ಕೆ ನಾನು ಆ ಒಂದು ಪ್ರಶ್ನೆ ಕೇಳಿದ್ದರೆ, ಗಂಡನ ಕಿವಿಯ ವಿಷಯ ಹೊರಬಿದ್ದು, ಟಿಕೆಟ್ ಆಗಲೇ ಬದಲಾಗಿ, ಅವಳು ನಿಶ್ಚಿಂತೆಯಿಂದ ನೀರಿಗಿಳಿಯಬಹುದಿತ್ತು.

ಮಂಗಳವಾರ ತಜ್ಞರು ವಿಮಾನ ಹತ್ತಲು ಒಪ್ಪಿದರು. ಇಳಿಯುವಾಗ ಸ್ವಲ್ಪ ನೋವಾಯಿತಂತೆ, ಹೆಚ್ಚೇನಿಲ್ಲ. ಇಲ್ಲಿ ಬೆಂಗಳೂರು ಅವನ ಪರವಾಗಿತ್ತು: 900 ಮೀಟರಿಗೂ ಎತ್ತರದ ಊರಾದ್ದರಿಂದ ಕಡಲಮಟ್ಟದವರೆಗೆ ಇಳಿಯುವ ಕಷ್ಟ ಕಿವಿಗಿರಲಿಲ್ಲ. ನಾಲ್ಕು ರಾತ್ರಿಯ ಕೋಣೆ, ಊಟ, ಎರಡು ಟಿಕೆಟ್ ಬದಲಾವಣೆ ಸೇರಿ ಹತ್ತಿರ ಹತ್ತಿರ 40,000 ರೂಪಾಯಿ ಕೈಬಿಟ್ಟಿತು. ಪ್ರಯಾಣ ವಿಮೆ ಮಾಡಿಸಿರಲಿಲ್ಲ. ಮಾಡಿಸಿದ್ದರೂ ಡೈವಿಂಗ್ ಸಾಹಸ ಕ್ರೀಡೆಯ ಕೆಳಗೆ ಹೊರಗುಳಿಯುತ್ತಿತ್ತೋ ಏನೋ, ಅದನ್ನೂ ಓದಿ ನೋಡಬೇಕಾದವನು ನಾನೇ. ಕಿವಿಯ ಮಂಕು ಪೂರ್ತಿ ಹೋಗಲು ಮೂರು ವಾರ ಬೇಕಾಯಿತು.

ನನ್ನ ಮೇಜಿನ ಮೇಲೆ ಬದಲಾದದ್ದು

ಡೈವಿಂಗ್ ಕೇಳಿಕೊಂಡು ಬಂದವರಿಗೆ ಮೊದಲ ಪ್ರಶ್ನೆ ಈಗ ಬಜೆಟ್ ಅಲ್ಲ: "ವಿಮಾನ ಇಳಿಯುವಾಗ ಕಿವಿ ಕಟ್ಟುತ್ತದೆಯೇ?" ಕಟ್ಟುತ್ತದೆ ಎಂದರೆ ಬೆಂಗಳೂರಿನಲ್ಲೇ ಆಳದ ಕೊಳದಲ್ಲಿ ಸ್ಕೂಬಾ ಕಲಿಸುವವರ ಬಳಿ ಒಂದು ಗಂಟೆ ಹೋಗಿಬನ್ನಿ ಎನ್ನುತ್ತೇನೆ. ಮೂರು ಮೀಟರ್ ನೀರು ಹೇಳುವ ಸತ್ಯವನ್ನು ಯಾವ ನಮೂನೆಯೂ ಹೇಳಿಸುವುದಿಲ್ಲ. ಆರೋಗ್ಯದ ಪ್ರಶ್ನೆಗಳನ್ನು ಹದಿನೈದು ದಿನ ಮೊದಲೇ, ಸಂಜೆ ಚಹಾ ಕುಡಿಯುವಾಗ ಓದಿ ಹೇಳುತ್ತೇನೆ. ಕಟ್ಟಿದ ದುಡ್ಡು ಬೆಳಗಿನ ಐದೂವರೆಗೆ ಜೋರಾಗಿ ಮಾತಾಡುತ್ತದೆ, ಮೈ ಮಾತಾಡುವುದಿಲ್ಲ. ವೇಳಾಪಟ್ಟಿಯಲ್ಲಿ ಒಂದು ದಿನ ಖಾಲಿ ಬಿಡುತ್ತೇನೆ, ಅದರ ಎದುರು 'ಸಮುದ್ರಕ್ಕೆ' ಎಂದು ಬರೆಯುತ್ತೇನೆ. ಕೆಲವರು ಅದನ್ನು ನೋಡಿಯೇ ಬೇರೆಯವರ ಹತ್ತಿರ ಹೋಗಿದ್ದಾರೆ.

ಮೊದಲ ಸಲ ಇಳಿಯುವವರಿಗೆ ನೇತ್ರಾಣಿ ದ್ವೀಪವನ್ನೂ ಹೇಳುತ್ತೇನೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಒಂದೂವರೆ ಗಂಟೆ. ಬೆಂಗಳೂರಿನಿಂದ ರಾತ್ರಿ ರೈಲು. ವಿಮಾನದ ಗಡಿಯಾರವಿಲ್ಲ. ಆದರೆ ಘಟ್ಟ ಹತ್ತುವುದೂ ಎತ್ತರಕ್ಕೆ ಹೋಗುವುದೇ, ಆದ್ದರಿಂದ ಡೈವ್ ಮಾಡಿದ ದಿನ ಅಲ್ಲೇ ಉಳಿದು ಮರುದಿನ ಹೊರಡಿ ಎನ್ನುತ್ತೇನೆ.

ಫೆಬ್ರವರಿಯಲ್ಲಿ ತಮ್ಮ ಫೋನ್ ಮಾಡಿದ. ಮುರ್ಡೇಶ್ವರಕ್ಕೆ ನಾಲ್ಕು ಟಿಕೆಟ್ ಬೇಕಂತೆ, ಅಕ್ಕನೂ ಸ್ನಾರ್ಕೆಲ್ (ಉಸಿರಾಡುವ ಕೊಳವೆ) ಹಾಕಿ ನೋಡುತ್ತಾರಂತೆ.

"ಕಿವಿ?" ಎಂದೆ.

"ಪೂರ್ತಿ ಸರಿಯಾಗಿದೆ ಸರ್. ಇಲ್ಲಿನ ಡಾಕ್ಟರ್ ನೋಡಿ ಚೀಟಿ ಕೊಟ್ಟಿದ್ದಾರೆ."

"ಆ ಚೀಟಿಯ ಫೋಟೋ ಕಳುಹಿಸಿ."

ಅವನು ನಕ್ಕ. ಮರುದಿನ ಮಧ್ಯಾಹ್ನ ಫೋಟೋ ಬಂತು, ದಿನಾಂಕ ಆ ಬೆಳಿಗ್ಗೆಯದೇ. ಟಿಕೆಟ್ ಕಾಯ್ದಿರಿಸಿದೆ.